ಆಪ್ಟೋಸ್ ವಿಶಾಲಕ್ಷೇತ್ರ ಕ್ಯಾಮೆರಾ: ಆನುವಂಶಿಕ ರೆಟಿನಾ ರೋಗಗಳ ಮಟ್ಟಿಗೆ ಒಂದು ವಿಮರ್ಶೆ

ಮಧುಮೇಹಿಗಳ ಕಣ್ಣಿನ ತಪಾಸಣೆಯಲ್ಲಿ ಆಪ್ಟೋಸ್ ಯಂತ್ರ ಹೆಸರು ಮಾಡಿದೆ ಎಂದ ಮಾತ್ರಕ್ಕೆ ಎಲ್ಲ ರೆಟಿನಾ ರೋಗಗಳಿಗೂ ಅದು ಅಷ್ಟೇ ಒದಗುತ್ತದೆ ಎಂದು ಹೇಳಲಾಗದು. ರೆಟಿನೈಟಿಸ್ ಪಿಗ್ಮೆಂಟೋಸಾ, ಸ್ಟಾರ್‌ಗಾರ್ಟ್, ಕೊರಾಯ್ಡೆರೀಮಿಯಾದಂತಹ ಆನುವಂಶಿಕ ರೋಗಗಳಲ್ಲಿ ಒಬ್ಬರದೇ ಕಣ್ಣಿನ ಚಿತ್ರವನ್ನು ವರ್ಷಗಟ್ಟಲೆ ತೆಗೆದು ಹೋಲಿಸಬೇಕಾಗುತ್ತದೆ. ಆ ಕೆಲಸದ ದೃಷ್ಟಿಯಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲ ಭೇಟಿಯಲ್ಲಿ ಕಣ್ಣಿನ ಒಟ್ಟು ಸ್ಥಿತಿಯನ್ನು ಅರಿಯಲು ಇದು ಬಹಳ ಒಳ್ಳೆಯ ಯಂತ್ರ, ರೋಗ ಎಷ್ಟು ಮುಂದುವರಿದಿದೆ ಎಂದು ಅಳೆಯಲು ಇದೊಂದೇ ಸಾಲದು.

ಕಣ್ಣಿನ ಹಿಂಭಾಗದ ಚಿತ್ರ ತೆಗೆಯುವ ಸಾಮಾನ್ಯ ಫಂಡಸ್ ಕ್ಯಾಮೆರಾ ಒಂದು ಚಿತ್ರದಲ್ಲಿ 30ರಿಂದ 50 ಡಿಗ್ರಿಯಷ್ಟು ರೆಟಿನಾವನ್ನು ತೋರಿಸಿದರೆ, ದೀರ್ಘವೃತ್ತಾಕಾರದ ಕನ್ನಡಿ ಮತ್ತು ಲೇಸರ್ ಸ್ಕ್ಯಾನಿಂಗ್ ಬಳಸುವ ಈ ಯಂತ್ರ ಸುಮಾರು 200 ಡಿಗ್ರಿಯನ್ನು, ಅಂದರೆ ರೆಟಿನಾದ 80 ಶೇಕಡಾಕ್ಕೂ ಹೆಚ್ಚು ಭಾಗವನ್ನು, ಒಂದೇ ಸಲಕ್ಕೆ ಹಿಡಿಯುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಹಾನಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ರೆಟಿನಾದ ಮಧ್ಯಭಾಗಕ್ಕೂ ಹೊರ ಅಂಚಿಗೂ ನಡುವಿನ ವಲಯದಲ್ಲಿ. ಅಲ್ಲಿನ ಕಪ್ಪು ವರ್ಣಕದ ಗುಚ್ಛಗಳು ಕಿರಿದಾದ ಚಿತ್ರದ ಹೊರಗೇ ಉಳಿದುಬಿಡುತ್ತವೆ. ಚಿತ್ರ ಅರ್ಧ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮುಗಿಯುವುದರಿಂದ, ಕಣ್ಣುಗುಡ್ಡೆ ಸದಾ ಅಲುಗುವ ಮಕ್ಕಳಲ್ಲಿಯೂ ಕೆಲಸಕ್ಕೆ ಬರುವಂಥದ್ದು ಏನಾದರೂ ಸಿಗುತ್ತದೆ. ಅನೇಕ ಸಲ ಪಾಪೆ ಹಿಗ್ಗಿಸುವ ಹನಿಯೂ ಬೇಕಾಗುವುದಿಲ್ಲ.

ಆದರೆ ಈ ರೋಗಗಳಲ್ಲಿ ಯಂತ್ರದ ನಿಜವಾದ ಬೆಲೆ ಇರುವುದು ಬಣ್ಣದ ಚಿತ್ರದಲ್ಲಲ್ಲ, ಆಟೋಫ್ಲೋರೆಸೆನ್ಸ್ ಚಿತ್ರದಲ್ಲಿ. ರೆಟಿನಾದ ಹಿಂಬದಿಯ ವರ್ಣಕ ಪದರದ ಕೋಶಗಳಲ್ಲಿ ಶೇಖರವಾಗುವ ಲಿಪೋಫಸ್ಸಿನ್ ಎಂಬ ವಸ್ತು, ನಿರ್ದಿಷ್ಟ ಬಣ್ಣದ ಬೆಳಕು ಬಿದ್ದಾಗ ತಾನೇ ಹೊಳೆಯುತ್ತದೆ. ಅದು ಅತಿಯಾಗಿ ಕೂಡಿದಲ್ಲಿ ಚಿತ್ರ ಬೆಳ್ಳಗಾಗುತ್ತದೆ, ಕೋಶಗಳು ಸತ್ತಲ್ಲಿ ಕಪ್ಪಾಗುತ್ತದೆ. ಸ್ಟಾರ್‌ಗಾರ್ಟ್ ರೋಗದ ಚುಕ್ಕೆಗಳು ಎಷ್ಟು ದೂರ ಹರಡಿವೆ, ಕೊರಾಯ್ಡೆರೀಮಿಯಾದಲ್ಲಿ ಉಳಿದಿರುವ ಭಾಗದ ಅಂಚು ಎಲ್ಲಿದೆ ಎಂಬುದು ಇಲ್ಲಿ ಬರಿಗಣ್ಣಿನ ಪರೀಕ್ಷೆಗಿಂತ ಸ್ಪಷ್ಟ. ಇದಕ್ಕಿಂತಲೂ ಉಪಯೋಗವಾದದ್ದು ತಾಯಂದಿರ ಚಿತ್ರ. ಎಕ್ಸ್ ವರ್ಣತಂತುವಿನ ಮೂಲಕ ಬರುವ ರೋಗದ ವಾಹಕಿಯರಿಗೆ, ಅಂದರೆ ದೋಷವುಳ್ಳ ಜೀನನ್ನು ಹೊತ್ತ ಹೆಂಗಸರಿಗೆ, ದೃಷ್ಟಿಯ ತೊಂದರೆ ಇಲ್ಲದಿದ್ದರೂ ಆಟೋಫ್ಲೋರೆಸೆನ್ಸ್‌ನಲ್ಲಿ ಗುರುತು ಸಿಗಬಹುದು: ಕೊರಾಯ್ಡೆರೀಮಿಯಾದ ವಾಹಕಿಯರಲ್ಲಿ ಹರಡಿದ ಚುಕ್ಕೆ ಚುಕ್ಕೆ ವಿನ್ಯಾಸ, ಆರ್‌ಪಿಜಿಆರ್ ಜೀನಿನ (ಅದರ ದೋಷದಿಂದ ರೆಟಿನೈಟಿಸ್ ಪಿಗ್ಮೆಂಟೋಸಾ ಬರುತ್ತದೆ) ವಾಹಕಿಯರಲ್ಲಿ ರೆಟಿನಾದ ನಟ್ಟನಡುವಿನ ಭಾಗವಾದ ಮ್ಯಾಕುಲಾದಿಂದ ಹೊರಟ ಕಿರಣಗಳಂತಹ ಗೆರೆಗಳು. ಮಗನ ಕಾಯಿಲೆ ಯಾವ ದಾರಿಯಿಂದ ಬಂದಿದೆ ಎಂಬ ಸುಳಿವು ಜೀನ್ ಪರೀಕ್ಷೆಯ ವರದಿಗೆ ಮೊದಲೇ ಇದರಿಂದ ದೊರೆಯುವುದುಂಟು.

ಆಪ್ಟೋಸ್ ಇದಕ್ಕೆ 532 ನ್ಯಾನೊಮೀಟರ್‌ನ ಹಸಿರು ಬೆಳಕನ್ನು ಬಳಸುತ್ತದೆ. ಅನೇಕ ಇತರ ಯಂತ್ರಗಳಲ್ಲಿರುವ 488 ನ್ಯಾನೊಮೀಟರ್‌ನ ನೀಲಿ ಬೆಳಕನ್ನು ಮ್ಯಾಕುಲಾದ ಹಳದಿ ವರ್ಣಕ ಹೀರಿಕೊಳ್ಳುವುದರಿಂದ ಆರೋಗ್ಯವಂತರಲ್ಲಿಯೂ ನಟ್ಟನಡುವೆ ಕಪ್ಪು ಕಾಣುತ್ತದೆ. ಹಸಿರಿನಲ್ಲಿ ಆ ಗೊಂದಲ ಕಡಿಮೆ. ಬೆಳಕು ಸಹಿಸಲಾಗದ ರೋಗಿಗಳಿಗೂ ಹಸಿರು ತುಸು ಹಿತ. ಆದರೆ ನೀಲಿಯಲ್ಲಿ ತೆಗೆದ ಹಳೆಯ ಚಿತ್ರದೊಡನೆ ಹಸಿರಿನದನ್ನು ಹೋಲಿಸಿ ರೋಗ ಬೆಳೆದಿದೆ ಎಂದೋ ನಿಂತಿದೆ ಎಂದೋ ತೀರ್ಮಾನಿಸುವುದು ಸರಿಯಲ್ಲ.

ಕೊರತೆಗಳೂ ಸಣ್ಣವಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಮಾದರಿಗಳ ಬಣ್ಣ ಕೆಂಪು ಮತ್ತು ಹಸಿರು ಲೇಸರ್‌ಗಳೆರಡನ್ನೇ ಕೂಡಿಸಿ ಮಾಡಿದ್ದಾದ್ದರಿಂದ ಅದು ಕಣ್ಣಿನ ಸಹಜ ಬಣ್ಣವಲ್ಲ. ಗೋಳಾಕಾರದ ರೆಟಿನಾವನ್ನು ಚಪ್ಪಟೆ ಚಿತ್ರವಾಗಿಸುವಾಗ ಅಂಚುಗಳು ಹಿಗ್ಗುತ್ತವೆ. ತಂತ್ರಾಂಶದ ತಿದ್ದುಪಡಿ ಇಲ್ಲದೆ ಅಲ್ಲಿನ ವಿಸ್ತೀರ್ಣ ಅಳೆಯಬಾರದು. ಮೇಲೆ ಕೆಳಗೆ ರೆಪ್ಪೆಗೂದಲಿನ ನೆರಳು ಬೀಳುತ್ತದೆ, ಹತ್ತಿಕಡ್ಡಿಯಿಂದ ರೆಪ್ಪೆ ಎತ್ತಿ ಹಿಡಿಯುವ ನುರಿತ ಕೈ ಬೇಕು. ಯಂತ್ರದೊಳಗಿನ ಗುರಿಬೆಳಕನ್ನು ನೋಡಿ ರೋಗಿಯೇ ಮುಖವನ್ನು ಸರಿಹೊಂದಿಸಿಕೊಳ್ಳಬೇಕು. ಆ ಬೆಳಕೇ ಕಾಣದಷ್ಟು ದೃಷ್ಟಿ ಹೋದವರನ್ನು ಮಾತಿನಿಂದಲೇ ನಡೆಸಬೇಕಾಗುತ್ತದೆ. ವಿನ್ಯಾಸಕಾರರು ಇಂಥ ರೋಗಿಗಳನ್ನು ನೆನೆದಂತೆ ಕಾಣುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಇದು ಆಳವನ್ನು ತೋರಿಸುವುದಿಲ್ಲ. ದ್ಯುತಿಗ್ರಾಹಕ ಕೋಶಗಳ ಆರೋಗ್ಯ ಸೂಚಿಸುವ ಎಲಿಪ್ಸಾಯ್ಡ್ ಪಟ್ಟಿ ಎಷ್ಟು ಅಗಲ ಉಳಿದಿದೆ ಎಂಬುದು ರೆಟಿನಾದ ಪದರಗಳ ಅಡ್ಡಸೀಳಿನ ಚಿತ್ರ ತೆಗೆಯುವ ಓಸಿಟಿಯಲ್ಲಿ ಮಾತ್ರ ಕಾಣುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಮ್ಯಾಕುಲಾದೊಳಗೆ ನೀರು ತುಂಬುವ ತೊಡಕು, ಔಷಧಕ್ಕೆ ಬಗ್ಗುವಂಥದ್ದು, ಮೇಲ್ಮೈ ಚಿತ್ರದಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಆರ್‌ಪಿಇ65 ಜೀನಿನ ದೋಷದಿಂದ ಬರುವ ಆನುವಂಶಿಕ ರೆಟಿನಾ ರೋಗದಲ್ಲಂತೂ ಲಿಪೋಫಸ್ಸಿನ್ ಉಂಟಾಗುವುದೇ ಬಹಳ ಕಡಿಮೆಯಾದ್ದರಿಂದ ಕೋಶಗಳು ಉಳಿದಿದ್ದರೂ ಆಟೋಫ್ಲೋರೆಸೆನ್ಸ್ ಚಿತ್ರ ಕತ್ತಲಾಗಿರುತ್ತದೆ. ಅದನ್ನಷ್ಟೇ ನೋಡಿದವರು ಎಲ್ಲ ಮುಗಿದಿದೆ ಎಂದುಕೊಳ್ಳಬಹುದು. ಅಮೆರಿಕದಲ್ಲಿ 2017ರಲ್ಲಿ ಅನುಮೋದನೆ ಪಡೆದ ಜೀನ್ ಚಿಕಿತ್ಸೆ ಇರುವುದು ಇದೇ ರೋಗಕ್ಕೆ, ಅದಕ್ಕೆ ಬದುಕಿರುವ ಕೋಶಗಳೂ ಬೇಕು.

ಓಸಿಟಿಯನ್ನೂ ಜೋಡಿಸಿದ ಆಪ್ಟೋಸ್ ಮಾದರಿಗಳಿವೆ. ಅದು ಸಾಧ್ಯವಾಗದೆ ಒಂದೇ ಯಂತ್ರ ಕೊಳ್ಳುವಷ್ಟು ಅವಕಾಶವಿರುವ ಚಿಕಿತ್ಸಾಲಯ ಆಟೋಫ್ಲೋರೆಸೆನ್ಸ್ ಇರುವ ಓಸಿಟಿಯನ್ನು ಮೊದಲು ಕೊಳ್ಳಲಿ, ವಿಶಾಲಕ್ಷೇತ್ರವನ್ನು ಆಮೇಲೆ ಸೇರಿಸಿಕೊಳ್ಳಲಿ. ರೋಗಿಗಳು ಪ್ರತಿ ಸಲ ಅದೇ ಯಂತ್ರದಲ್ಲಿ, ಅದೇ ಬೆಳಕಿನಲ್ಲಿ ಚಿತ್ರ ತೆಗೆಸಿಕೊಂಡು, ಕಾಗದದ ಮುದ್ರಣದ ಬದಲು ಮೂಲ ಕಡತವನ್ನೇ ಕೇಳಿ ಪಡೆಯುವುದು ಒಳಿತು.