ಲಾರಿಗಳೂ ರೈಲು ಹತ್ತುವ ಸುರತ್ಕಲ್ ಸ್ಟೇಷನ್: 17 ವರ್ಷ ಬಳಸಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್. ಆ ಅರ್ಧ ಸ್ಟಾರ್ ಲಾರಿಗಳಿಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನ ಮನೆ ಸುರತ್ಕಲ್‌ನಲ್ಲಿ, ಕೆಲಸ ಉಡುಪಿಯಲ್ಲಿ. 2008ರಿಂದ ಈ ಸ್ಟೇಷನ್ ಬಳಸುತ್ತಿದ್ದೇನೆ. ದಿನಾ ಅಲ್ಲ. ವಾರಕ್ಕೆ ಎರಡು ಮೂರು ದಿನ ಉಡುಪಿಗೆ, ವರ್ಷಕ್ಕೆ ಒಂದೆರಡು ಸಲ ಬೊಂಬಾಯಿಗೆ. ಡೊಂಬಿವಲಿಯಲ್ಲಿ ಸೋದರಮಾವನ ಮನೆ ಉಂಟು. ನಮ್ಮ ಕಡೆ ಬೊಂಬಾಯಿಯಲ್ಲಿ ಒಬ್ಬ ಮಾವನೂ ಇಲ್ಲದ ಮನೆ ಹುಡುಕುವುದು ಕಷ್ಟ ಅಲ್ವಾ.

ಮಾವನ ಕಾಲದಲ್ಲಿ ಊರಿಗೆ ಬರಲು ಬಸ್ಸೇ ಗತಿ. ರೈಲೇ ಬೇಕು ಅಂದರೆ ಅರ್ಧ ದೇಶ ಸುತ್ತಬೇಕಿತ್ತು. ಮಂಗಳೂರಿನಿಂದ ಮೊದಲು ದಕ್ಷಿಣಕ್ಕೆ, ಶೊರನೂರು, ಪಾಲಕ್ಕಾಡ್ ಕಡೆಗೆ ಹೋಗಿ, ತಮಿಳುನಾಡು, ಆಂಧ್ರ ದಾಟಿ ಆಮೇಲೆ ಮೇಲಕ್ಕೆ. 2041 ಕಿ.ಮೀ., 41 ಗಂಟೆ. ಕೊಂಕಣ ರೈಲು ಬಂದ ಮೇಲೆ ಅದು 914 ಕಿ.ಮೀ. ಆಯಿತು. ಮಾವ ಈಗಲೂ ಇದನ್ನು ಹೇಳುವಾಗ ತಾವೇ ಹಳಿ ಹಾಕಿದವರ ಹಾಗೆ ಮಾತಾಡುತ್ತಾರೆ.

ಹಳಿ ಹಾಕಿದವರ ಕಥೆ ಬೇರೆ. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸುರುವಾಯಿತು. ಮೇಲೆ ನಿಂತು ಕೆಲಸ ಮಾಡಿಸಿದವರು ಇ. ಶ್ರೀಧರನ್. ಇಡೀ ದಾರಿ ಮುಗಿದದ್ದು 1998ರಲ್ಲಿ. ಆದರೆ ನಮ್ಮ ತುಂಡು ಅದಕ್ಕಿಂತ ಎಷ್ಟೋ ಮೊದಲೇ ತಯಾರಾಗಿತ್ತು. ತೋಕೂರಿನಿಂದ ಉಡುಪಿವರೆಗೆ 1993ರ ಮಾರ್ಚ್ 20ರಂದೇ ಗಾಡಿ ಓಡಿತು. ಅಂದರೆ ಬೊಂಬಾಯಿವರೆಗೆ ದಾರಿ ತೆರೆಯುವ ಸುಮಾರು ಐದು ವರ್ಷ ಮೊದಲೇ ನಮ್ಮಲ್ಲಿಗೆ ರೈಲು ಬಂದಿತ್ತು! ತೋಕೂರು ಸುರತ್ಕಲ್‌ನ ಪಕ್ಕದ ಸ್ಟೇಷನ್. ಕೊಂಕಣ ರೈಲ್ವೆಯ ಹಳಿ ಮುಗಿಯುವುದು ಅಲ್ಲೇ, ಅಲ್ಲಿಂದಾಚೆ ದಕ್ಷಿಣ ರೈಲ್ವೆ. ಹಾಗಾಗಿ ನಾವು ಮಂಗಳೂರಿನವರೇ ಆದರೂ ರೈಲಿನ ಲೆಕ್ಕದಲ್ಲಿ ಬೇರೆ ಮನೆಯವರು.

ಈಗ ಲಾರಿಗಳ ವಿಷಯ. ಈ ಸ್ಟೇಷನ್ನಿಗೆ ಮೊದಲ ಸಲ ಬಂದವರು ಪ್ಲಾಟ್‌ಫಾರ್ಮ್ ನೋಡುವುದಿಲ್ಲ, ಲಾರಿಗಳನ್ನು ನೋಡುತ್ತಾರೆ. ರೋ ರೋ ಅಂತ ಹೆಸರು. ಸರಕು ತುಂಬಿದ ಲಾರಿ ಇಳಿಜಾರು ದಾರಿ ಹತ್ತಿ, ಚಪ್ಪಟೆ ವ್ಯಾಗನ್ನುಗಳ ಮೇಲೆ ಒಂದರ ಹಿಂದೆ ಒಂದು ತಾನೇ ಓಡಿಕೊಂಡು ಹೋಗಿ ನಿಲ್ಲುತ್ತದೆ. ಚಕ್ರ ಅಲುಗಾಡದ ಹಾಗೆ ಅಡ್ಡ ಕೊಡುತ್ತಾರೆ. ಡ್ರೈವರ್ ತನ್ನ ಲಾರಿಯಲ್ಲೇ ಕೂತು ಮಹಾರಾಷ್ಟ್ರದ ಕೋಲಾಡ್‌ವರೆಗೆ ಹೋಗುತ್ತಾನೆ. ಸ್ಟೀರಿಂಗ್ ಮುಂದೆ ಕಾಲು ಚಾಚಿ ಮಲಗಿ ಊರು ದಾಟುವ ಡ್ರೈವರನ್ನು ನೋಡಿದರೆ ಸುಮ್ನೆ ಹೊಟ್ಟೆಕಿಚ್ಚು. ಡೀಸೆಲ್ ಉಳಿಯಿತು, ಟಯರ್ ಉಳಿಯಿತು, ಹೆದ್ದಾರಿಯ ಗುಂಡಿಗಳಿಂದ ಸೊಂಟವೂ ಉಳಿಯಿತು. ಇದು 1999ರಲ್ಲಿ ಕೋಲಾಡ್‌ನಿಂದ ಗೋವಾದ ವೆರ್ಣದವರೆಗೆ ಸುರುವಾಯಿತು, 2004ರಲ್ಲಿ ಸುರತ್ಕಲ್‌ವರೆಗೆ ಬಂತು. 2025ರಲ್ಲಿ ಕಾರುಗಳನ್ನೂ ಹೀಗೆ ಸಾಗಿಸಲು ಸುರು ಮಾಡಿದರು, ಆದರೆ ಕೋಲಾಡ್ ಮತ್ತು ವೆರ್ಣದ ನಡುವೆ ಮಾತ್ರ. ನಮ್ಮಲ್ಲಿಗೂ ಬರಲಿ ಅಂತ ಕಾಯುತ್ತಿದ್ದೇನೆ.

ನನ್ನ ಮಗಳಿಗೆ ಚಿಕ್ಕಂದಿನಲ್ಲಿ ಲೆಕ್ಕ ಕಲಿಸಿದ್ದೇ ಈ ಲಾರಿಗಳು. ಗಾಡಿ ತಡ ಎಂದಾಗ ಬೇರೆ ಮಕ್ಕಳು ಮೊಬೈಲ್ ಕೇಳುತ್ತಿದ್ದರು, ಇವಳು ಲಾರಿ ಎಣಿಸುತ್ತಿದ್ದಳು. ನಲವತ್ತು ದಾಟಿದ ಮೇಲೆ ನಮ್ಮಿಬ್ಬರ ಲೆಕ್ಕ ಯಾವತ್ತೂ ಸರಿ ಹೋದದ್ದಿಲ್ಲ.

ಮನುಷ್ಯರ ಸೌಕರ್ಯ ಹೇಗೆ? ಟಿಕೆಟ್ ಕೌಂಟರ್ ಉಂಟು, ಕೂರಲು ಜಾಗ ಉಂಟು, ಗಲಾಟೆ ಇಲ್ಲ. ಮಂಗಳೂರು ಸೆಂಟ್ರಲ್ ಸ್ಟೇಷನ್ನಿನ ನೂಕುನುಗ್ಗಲು ನೋಡಿದವರಿಗೆ ಇದು ಸ್ವರ್ಗ. ಹಾಗಂತ ದೊಡ್ಡ ಸ್ಟೇಷನ್ನಿನ ಹಾಗೆ ಸಾಲು ಸಾಲು ಅಂಗಡಿ, ಊಟದ ಹೋಟೆಲು ಅಂತ ಹುಡುಕಿಕೊಂಡು ಬರಬೇಡಿ. ನಾನು ಮನೆಯಿಂದ ನೀರು ಮತ್ತು ಎರಡು ಬನ್ಸ್ ಹಿಡಿದುಕೊಂಡೇ ಹೊರಡುತ್ತೇನೆ. ಹೆದ್ದಾರಿಯಿಂದ ಸ್ಟೇಷನ್ ಸ್ವಲ್ಪ ಒಳಗೆ. ಲಗೇಜ್ ಇದ್ದರೆ ರಿಕ್ಷಾ ಬೇಕೇ ಬೇಕು.

ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಈ ಸ್ಟೇಷನ್ ನಂಬಿ ಕೂರುವ ಹಾಗಿಲ್ಲ. ಬೆಳಗ್ಗಿನ ಲೋಕಲ್ ಮಂಗಳೂರಿನಿಂದ ಮಡಗಾಂವ್ ಕಡೆಗೆ, ಅಂದರೆ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಅದೂ ಅಲ್ಲದೆ ಹಳಿ ನೇರ ಪೇಟೆಗೆ ಹೋಗುವುದಿಲ್ಲ, ಜೋಕಟ್ಟೆ, ಪಡೀಲ್ ಅಂತ ಒಳಗಿನಿಂದ ಸುತ್ತು ಹಾಕುತ್ತದೆ. ಅಷ್ಟರಲ್ಲಿ ಸಿಟಿ ಬಸ್ ಪೇಟೆಯ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ಮುಟ್ಟಿರುತ್ತದೆ. ಉಡುಪಿಗೆ ಹೋಗುವ ನನ್ನಂಥವರಿಗೆ ಮಾತ್ರ ಆ ಉಲ್ಟಾ ಗಾಡಿ ಸರಿಯಾಗಿ ಹೊಂದುತ್ತದೆ. ಮೂಲ್ಕಿ ದಾಟಿದ ಮೇಲೆ ಶಾಂಭವಿ ಹೊಳೆ, ಬೆಳಗ್ಗಿನ ಬಿಸಿಲು, ಆಮೇಲೆ ಪಡುಬಿದ್ರಿ, ಇನ್ನಂಜೆ. ಉಡುಪಿ ಸ್ಟೇಷನ್ ಇರುವ ಇಂದ್ರಾಳಿಯಲ್ಲಿ ಇಳಿದಾಗ ಬಸ್ಸಿನಲ್ಲಿ ಬಂದವರ ಹಾಗೆ ಮುಖ ಬಾಡಿರುವುದಿಲ್ಲ.

ಸಮಯ ಪಾಲನೆಗೆ ನಾನು ಸ್ಟಾರ್ ಕಡಿಮೆ ಮಾಡಿಲ್ಲ. ನಮ್ಮ ಕಡೆ ಒಂದೇ ಹಳಿ. ಎದುರಿನಿಂದ ಗಾಡಿ ಬಂದರೆ ಯಾವುದಾದರೂ ಸ್ಟೇಷನ್ನಿನಲ್ಲಿ ಒಂದು ಬದಿಗೆ ಸರಿದು ಕಾಯಲೇಬೇಕು. ಕ್ರಾಸಿಂಗ್ ಅಂತಾರೆ. ಅದು ಜೋಡಿ ಹಳಿ ಬರುವವರೆಗೆ ಹೋಗುವ ರೋಗ ಅಲ್ಲ. 2022ರಲ್ಲಿ ಇಡೀ ದಾರಿಗೆ ಕರೆಂಟು ಬಂತು. ಡೀಸೆಲ್ ಹೊಗೆ ಹೋಯಿತು, ಕ್ರಾಸಿಂಗ್ ಹಾಗೇ ಉಳಿಯಿತು. ವಂದೇ ಭಾರತ್ 2023ರ ಡಿಸೆಂಬರ್ 30ರಿಂದ ಮಂಗಳೂರು ಮಡಗಾಂವ್ ನಡುವೆ ಓಡುತ್ತಿದೆ, ಇಲ್ಲಿ ನಿಲ್ಲುವುದಿಲ್ಲ. ನಾವು ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಗಾಳಿ ತಿನ್ನುತ್ತೇವೆ ಅಷ್ಟೇ.

ಹೊಸಬರಿಗೆ ಒಂದು ಮಾತು. ಕೊಂಕಣ ರೈಲ್ವೆಗೆ ಎರಡು ವೇಳಾಪಟ್ಟಿ ಉಂಟು. ಮಳೆಗಾಲದ್ದು ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗುಡ್ಡ ಜರಿಯುವ ಹೆದರಿಕೆಗೆ ಗಾಡಿಗಳನ್ನು ನಿಧಾನ ಓಡಿಸುತ್ತಾರೆ. ಮಳೆ ಜೋರಾಗಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ.ಗೂ ಇಳಿಸುತ್ತಾರೆ. ಒಂದು ಜೂನ್‌ನಲ್ಲಿ ನಾನು ಹಳೆಯ ಟೈಮ್ ನೆನಪಿಟ್ಟುಕೊಂಡು ಬಂದೆ. ಗಾಡಿ ಹೋಗಿ ಹತ್ತು ನಿಮಿಷ ಆಗಿತ್ತು. ತಪ್ಪು ನನ್ನದೇ. ಆದರೂ ಮನೆಗೆ ಬಂದು ಗಾಡಿಗೇ ಬೈದೆ.

ಬೊಂಬಾಯಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ, ಅದೇ ದೊಡ್ಡ ಉಪಕಾರ. ಸೆಂಟ್ರಲ್‌ವರೆಗೆ ಹೋಗುವ ರಗಳೆ ಇಲ್ಲ. ಆದರೆ ನಿಲ್ಲುವುದು ಒಂದೆರಡು ನಿಮಿಷ. ನಿಮ್ಮ ಬೋಗಿ ಎಲ್ಲಿ ಬರುತ್ತದೆ ಅಂತ ಮೊದಲೇ ಸ್ಟೇಷನ್ನಿನವರನ್ನು ಕೇಳಿ ಅಲ್ಲೇ ಹೋಗಿ ನಿಂತುಕೊಳ್ಳಿ. ನಾನು ಒಮ್ಮೆ ಕೇಳದೆ ನಿಂತಿದ್ದೆ. ಕೈಯಲ್ಲಿ ಮಾವನಿಗೆ ಅಂತ ಅಮ್ಮ ಕಟ್ಟಿಕೊಟ್ಟ ಹತ್ತು ಕಿಲೋ ಕುಚ್ಚಲಕ್ಕಿ, ಮೇಲೆ ಹಲಸಿನ ಹಪ್ಪಳದ ಕಟ್ಟು. ಬೋಗಿ ಆ ತುದಿಯಲ್ಲಿ. ಡೊಂಬಿವಲಿ ಮುಟ್ಟಿದಾಗ ಹಪ್ಪಳ ಎಲ್ಲ ಪುಡಿ ಪುಡಿ, ಮಾವ ಅದನ್ನೇ ಮಜ್ಜಿಗೆಗೆ ಹಾಕಿಕೊಂಡು ಉಂಡರು.