ಎನ್‌ಎಫ್‌ಟಿ ಮತ್ತು ಸಣ್ಣ ಕಾಯಿನ್‌ಗಳು: ಕೊಳ್ಳೋಕೆ ಎರಡು ನಿಮಿಷ, ಮಾರೋಕೆ ಹೋದ್ರೆ ಯಾರೂ ಇಲ್ಲ

2021ರ ಕೊನೇಲಿ ಶುರು ಮಾಡ್ದೆ. ಅದೇ ವರ್ಷ ಮಾರ್ಚ್‌ನಲ್ಲಿ ಬೀಪಲ್ ಅನ್ನೋ ಡಿಜಿಟಲ್ ಕಲಾವಿದನ ಎನ್‌ಎಫ್‌ಟಿ ಚಿತ್ರ ಕ್ರಿಸ್ಟೀಸ್ ಹರಾಜಲ್ಲಿ 6.9 ಕೋಟಿ ಡಾಲರ್‌ಗೆ ಹೋಗಿತ್ತಲ್ಲ, ಆ ಬಿಸಿ ಇನ್ನೂ ಆರಿರ್ಲಿಲ್ಲ. ಬ್ಲಾಕ್‌ಚೈನ್ ಅಂದ್ರೆ ಯಾರ ಹತ್ರ ಏನಿದೆ ಅಂತ ತುಂಬಾ ಕಂಪ್ಯೂಟರ್‌ಗಳು ಒಟ್ಟಿಗೆ ಬರೆದಿಡೋ ಲೆಕ್ಕದ ಪುಸ್ತಕ, ಎನ್‌ಎಫ್‌ಟಿ ಅಂದ್ರೆ ಅದ್ರಲ್ಲಿ ಚಿತ್ರದಂಥ ಒಂದು ವಸ್ತುವಿಗೆ ಇರೋ ಒಡೆತನದ ದಾಖಲೆ, ಕಾಯಿನ್ ಅಂದ್ರೆ ಅದ್ರ ಮೇಲೆ ಓಡೋ ಕ್ರಿಪ್ಟೋ ನಾಣ್ಯ. ಸಂಬಳದಲ್ಲಿ ಖರ್ಚೆಲ್ಲ ಕಳೆದು ಉಳಿದಿದ್ರಲ್ಲಿ ಮೂರು ಎನ್‌ಎಫ್‌ಟಿ, ಯಾರೂ ಹೆಸರು ಕೇಳಿರದ ಎರಡು ಕಾಯಿನ್ ತಗೊಂಡೆ.

ಬೆಳಗ್ಗೆ ಎದ್ದ ತಕ್ಷಣ ವಾಲೆಟ್ (ಇವನ್ನೆಲ್ಲ ನೋಡ್ಕೊಳ್ಳೋ ಆ್ಯಪ್) ತೆಗೆದು ನೋಡೋದು ಅಭ್ಯಾಸ ಆಗೋಯ್ತು. ಒಂದು ಕಾಯಿನ್ ನಾಲ್ಕು ಪಟ್ಟು ಆಗಿದೆ ಅಂತ ತೋರಿಸ್ತಿತ್ತು, ಸರಿ ಅರ್ಧ ಮಾರೋಣ ಅಂತ ಕೂತೆ, ಆಗ ಗೊತ್ತಾಯ್ತು ನೋಡಿ ಆ ಅಂಕಿಗೂ ಕೈಗೆ ಬರೋ ದುಡ್ಡಿಗೂ ಎಷ್ಟು ದೂರ ಅಂತ. ಇಂಥ ಕಾಯಿನ್‌ನ ನಮ್ಮಿಂದ ತಗೊಳ್ಳೋದು ಮನುಷ್ಯ ಅಲ್ಲ, ಒಂದು ಲಿಕ್ವಿಡಿಟಿ ಪೂಲ್, ಅಂದ್ರೆ ದುಡ್ಡೂ ಕಾಯಿನ್ನೂ ಒಟ್ಟಿಗಿಟ್ಟು ತಾನೇ ಬದಲಾಯಿಸಿ ಕೊಡೋ ಪ್ರೋಗ್ರಾಮ್. ಪೂಲಲ್ಲಿ ಒಂದು ಕಡೆ 10,000 ಡಾಲರ್, ಇನ್ನೊಂದು ಕಡೆ ಅಷ್ಟೇ ಬೆಲೆಯ ಟೋಕನ್ (ಅಂದ್ರೆ ಆ ಕಾಯಿನ್) ಇದೆ ಅಂದ್ಕೊಳ್ಳಿ. ಸ್ಕ್ರೀನ್ ಮೇಲೆ 5,000 ಡಾಲರ್ ಅಂತ ಕಾಣೋ ಟೋಕನ್ನು ಒಟ್ಟಿಗೆ ಹಾಕಿದ್ರೆ ವಾಪಸ್ ಬರೋದು ಸುಮಾರು 3,300 ಅಷ್ಟೇ, ಯಾಕಂದ್ರೆ ನಾವು ಮಾರ್ತಾ ಮಾರ್ತಾನೇ ಬೆಲೆ ಇಳೀತಾ ಹೋಗುತ್ತೆ. ನಾನು ಸ್ಲಿಪೇಜ್ (ಬೆಲೆ ಎಷ್ಟರ ತನಕ ಇಳಿದ್ರೆ ಒಪ್ತೀನಿ ಅನ್ನೋ ಮಿತಿ) ಕಡಿಮೆ ಇಟ್ಟೆ, ವ್ಯವಹಾರ ಫೇಲ್ ಆಯ್ತು, ಗ್ಯಾಸ್ ಫೀ (ವ್ಯವಹಾರಕ್ಕೆ ನೆಟ್‌ವರ್ಕ್‌ಗೆ ಕಟ್ಟೋ ಶುಲ್ಕ) ಮಾತ್ರ ಹೋಯ್ತು. ಫೇಲ್ ಆದ್ರೂ ಫೀ ವಾಪಸ್ ಬರಲ್ಲ. ಮತ್ತೆ ಟ್ರೈ ಮಾಡ್ದೆ, ಮತ್ತೆ ಹೋಯ್ತು. ಆ ರಾತ್ರಿ ನಿಜವಾಗ್ಲೂ ಹೊಟ್ಟೆ ಉರೀತು.

ಎನ್‌ಎಫ್‌ಟಿ ಕಥೆ ಇನ್ನೂ ಕಷ್ಟ, ಅಲ್ಲಿ ಸಾಮಾನ್ಯವಾಗಿ ಪೂಲೂ ಇರಲ್ಲ. ಫ್ಲೋರ್ ಪ್ರೈಸ್ ಅಂದ್ರೆ ಮಾರೋರು ಕೇಳ್ತಿರೋ ಅತಿ ಕಡಿಮೆ ಬೆಲೆ, ಯಾರೋ ಕೊಡ್ತೀನಿ ಅಂದಿರೋ ಬೆಲೆ ಅಲ್ಲ. ಇದು ನನ್ನ ತಲೆಗೆ ಹೋಗೋಕೆ ಒಂದು ವರ್ಷ ಬೇಕಾಯ್ತು. ಟ್ವಿಟರ್ ಸ್ಥಾಪಕರಲ್ಲೊಬ್ಬನಾದ ಜ್ಯಾಕ್ ಡಾರ್ಸಿಯ ಮೊದಲ ಟ್ವೀಟ್‌ನ ಎನ್‌ಎಫ್‌ಟಿ 2021ರಲ್ಲಿ 29 ಲಕ್ಷ ಡಾಲರ್‌ಗೆ ಮಾರಾಟ ಆಗಿತ್ತು, ಮರುವರ್ಷ ಕೊಂಡವರು 4.8 ಕೋಟಿ ಕೇಳಿದ್ರೆ ಮೊದಲು ಬಂದ ಆಫರ್‌ಗಳು 300 ಡಾಲರ್ ಕೂಡ ದಾಟ್ಲಿಲ್ಲ. ನನ್ನ ಮೂರರಲ್ಲಿ ಒಂದನ್ನ ಎಂಟು ತಿಂಗಳು ಲಿಸ್ಟ್ ಮಾಡಿಟ್ಟಿದ್ದೆ, ಬೆಲೆ ಇಳಿಸ್ತಾನೇ ಹೋದೆ, ಒಂದು ಆಫರೂ ಬರ್ಲಿಲ್ಲ. ಆಮೇಲೊಂದಿನ ನೋಡಿದ್ರೆ ಚಿತ್ರದ ಜಾಗದಲ್ಲಿ ಬೂದು ಬಣ್ಣದ ಚೌಕ. ಟೋಕನ್ ನನ್ನ ಹೆಸರಲ್ಲೇ ಇದೆ, ಆದ್ರೆ ಚಿತ್ರ ಇದ್ದಿದ್ದು ಆ ಪ್ರಾಜೆಕ್ಟಿನವರ ಸ್ವಂತ ಸರ್ವರಲ್ಲಿ, ಅವರು ಅದನ್ನ ಮುಚ್ಚಿಬಿಟ್ಟಿದ್ರು. ಬ್ಲಾಕ್‌ಚೈನ್ ಮೇಲೆ ಇದ್ದಿದ್ದು ಆ ಚಿತ್ರದ ಲಿಂಕ್ ಮಾತ್ರ.

ಹಾಗಂತ ಎಲ್ಲಾ ಬೇಜಾರೇ ಅಂತಲ್ಲ. ಮೂರು ಎನ್‌ಎಫ್‌ಟಿಲಿ ಇನ್ನೊಂದು ಒಬ್ಬ ಕಲಾವಿದೆ ಕೈಯಲ್ಲಿ ಬರೆದ ಹಕ್ಕಿ ಚಿತ್ರ, ಫೈಲ್ ಐಪಿಎಫ್‌ಎಸ್‌ನಲ್ಲಿದೆ (ಒಬ್ಬರದೇ ಸರ್ವರ್ ನಂಬ್ಕೊಳ್ಳದೆ ಹಲವು ಕಂಪ್ಯೂಟರ್‌ಗಳಲ್ಲಿ ಫೈಲ್ ಇಡೋ ವ್ಯವಸ್ಥೆ), ಈಗ್ಲೂ ತೆರ್ಕೊಳುತ್ತೆ, ರೆಕ್ಕೆ ಹತ್ರ ಇಂಕ್ ಸ್ವಲ್ಪ ಹರಡಿರೋದೂ ಕಾಣುತ್ತೆ. ಅದನ್ನ ಮಾರೋ ಯೋಚನೆನೇ ಇಲ್ಲ, ನಂಗೆ ತುಂಬಾ ಇಷ್ಟ. ಇನ್ನೊಂದು, ಫೋನ್ ಹೋದ್ರೂ ವಾಲೆಟ್ ವಾಪಸ್ ತರೋಕೆ ಬೇಕಾದ ಹನ್ನೆರಡು ಗುಟ್ಟಿನ ಪದಗಳನ್ನ ಪೆನ್ಸಿಲಲ್ಲಿ ಎರಡು ಹಾಳೆ ಮೇಲೆ ಬರೆದಿಟ್ಟಿದ್ದೀನಿ, ಎರಡು ತಿಂಗಳಿಗೊಂದ್ಸಲ ತೆಗೆದು ಒಂದೊಂದೇ ಪದ ಓದ್ತೀನಿ. ಆ ಪದಗಳೆಲ್ಲ 2048 ಇಂಗ್ಲಿಷ್ ಪದಗಳ ಒಂದೇ ಪಟ್ಟಿಯಿಂದ ಬರೋದು, ಮೊದಲ ನಾಲ್ಕು ಅಕ್ಷರ ನೋಡಿದ್ರೇ ಯಾವ ಪದ ಅಂತ ಗೊತ್ತಾಗೋ ಹಾಗೆ ಆರಿಸಿದ್ದಾರೆ. ಕೊನೇ ಅಕ್ಷರಗಳು ಮಾಸಿದ್ರೂ ಓದ್ಬೋದು ಅನ್ನೋದು ನೋಡಿದ್ರೆ ಖುಷಿಯಾಗುತ್ತೆ. ವಾಲೆಟ್‌ನಲ್ಲಿರೋದನ್ನ ತೆಗೆಯೋಕೆ ಯಾವ ಸೈಟಿಗೆ ಪರ್ಮಿಷನ್ ಕೊಟ್ಟಿದ್ದೀನಿ ಅಂತ ನೋಡಿ ಬೇಡದ್ದನ್ನ ತೆಗೆಯೋದೂ ಭಾನುವಾರದ ಕೆಲಸ.

ಈಗ ಏನೇ ತಗೊಂಡ್ರೂ ಮೊದಲು ಚಿಲ್ಲರೆಯಷ್ಟು ಕೊಂಡು ಅದನ್ನೇ ವಾಪಸ್ ಮಾರಿ ನೋಡ್ತೀನಿ. 2021ರ ನವೆಂಬರಲ್ಲಿ ಕುಸಿದ ಸ್ಕ್ವಿಡ್ ಅನ್ನೋ ಕಾಯಿನ್ ಕೊಂಡವರಿಗೆ ಅದನ್ನ ವಾಪಸ್ ಮಾರೋಕೇ ಆಗ್ತಿರ್ಲಿಲ್ಲ, ಅಂಥದ್ದು ಇದ್ರೆ ಇಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ಪೂಲಲ್ಲಿ ಎಷ್ಟಿದೆ, ಹಾಕಿದವರು ತೆಗೆಯೋಕಾಗದ ಹಾಗೆ ಅದು ಲಾಕ್ ಆಗಿದ್ಯಾ, ಅತಿ ಹೆಚ್ಚು ಇಟ್ಕೊಂಡಿರೋ ಮೊದಲ ಹತ್ತು ಹೋಲ್ಡರ್‌ಗಳ ಹತ್ರ ಎಷ್ಟು ಸೇರ್ಕೊಂಡಿದೆ ಅಂತ ಎಕ್ಸ್‌ಪ್ಲೋರರಲ್ಲಿ (ಬ್ಲಾಕ್‌ಚೈನ್ ದಾಖಲೆ ತೋರಿಸೋ ಸೈಟ್) ನೋಡ್ತೀನಿ. ಬಹುತೇಕ ಕಾಯಿನ್‌ಗಳು ಅಲ್ಲೇ ಬಿದ್ದೋಗ್ತವೆ.

ಐದಕ್ಕೆ ಎರಡು ಸ್ಟಾರ್, ಅದ್ರಲ್ಲಿ ಒಂದು ಆ ಹಕ್ಕಿಗೆ. ಉಳಿದ ಇನ್ನೊಂದು ಕಾಯಿನ್ ವಾಲೆಟಲ್ಲೇ ಬಿದ್ದಿದೆ, ಮಾರಿದ್ರೆ ಬರೋದಕ್ಕಿಂತ ಗ್ಯಾಸೇ ಜಾಸ್ತಿ ಆಗುತ್ತೆ.