14, 20, 24: ರಾತ್ರಿ ಆಕಾಶಕ್ಕೆ ಯಾವ ಲೆನ್ಸ್?

ಮಾರ್ಚ್ ಕೊನೆಯ ಅಮಾವಾಸ್ಯೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಆನೆಗುಂದಿ ಹತ್ತಿರ ಗದ್ದೆ ಬದುವಿನ ಮೇಲೆ ಟ್ರೈಪಾಡ್ ಊರಿದ್ದೆ. ಕ್ಯಾಮೆರಾ ಫುಲ್ ಫ್ರೇಮ್, ಅಂದರೆ ಸೆನ್ಸರ್ ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡದು. ಬ್ಯಾಗಿನಲ್ಲಿ ಮೂರು ಲೆನ್ಸ್: ನನ್ನದೇ ಹಳೆಯ 14 ಎಂಎಂ ಎಫ್/2.8, ಬಾಡಿಗೆಗೆ ತಂದ 20 ಎಂಎಂ ಎಫ್/1.8 ಮತ್ತು 24 ಎಂಎಂ ಎಫ್/1.4. ಎಂಎಂ ಇಲ್ಲಿ ಫೋಕಲ್ ಲೆಂಗ್ತ್, ಅದು ಕಡಿಮೆಯಾದಷ್ಟೂ ನೋಟ ಅಗಲ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಜಾಸ್ತಿ. ಬೇಕಾಗಿದ್ದದ್ದು ವೃಶ್ಚಿಕ, ಧನು ರಾಶಿಗಳ ಕಡೆ ದಪ್ಪಗೆ ಕಾಣುವ ಕ್ಷೀರಪಥದ ನಡುಭಾಗ. ಜೂನ್ ಬಂದರೆ ನಮ್ಮ ಕಡೆ ಮೋಡ. ಹಾಗಾಗಿ ಬೇಸಿಗೆಯ ಈ ನಿದ್ದೆಗೆಟ್ಟ ಜಾವಗಳೇ ಗತಿ.

ಮೊದಲು 14. ಅಡ್ಡಕ್ಕೆ 104 ಡಿಗ್ರಿ ನೋಟ. ಬಂಡೆ ಗುಡ್ಡ, ತೆಂಗಿನ ಮರ, ಕ್ಷೀರಪಥ ಎಲ್ಲಾ ಒಂದೇ ಫ್ರೇಮಿನಲ್ಲಿ. ತೋರಣಗಲ್ಲು ಕಡೆಯ ಉಕ್ಕಿನ ಕಾರ್ಖಾನೆಯ ಕಿತ್ತಳೆ ಬೆಳಕೂ ಕರೆಯದೇ ಬಂತು! ಶಟರ್ 25 ಸೆಕೆಂಡ್ ತೆರೆದಿಟ್ಟರೂ ನಕ್ಷತ್ರಗಳು ಅಷ್ಟೇನೂ ಗೆರೆಯಾಗಿ ಎಳೆಯಲಿಲ್ಲ. ಆದರೆ ಕ್ಷೀರಪಥ ಪುಟ್ಟದಾಗಿ, ಮಂಕಾಗಿ ಬಂತು. ಐಎಸ್‌ಒ 6400ರ (ಸೆನ್ಸರ್‌ಗೆ ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ) ಫೋಟೋ ಮನೆಯಲ್ಲಿ ತೆರೆದರೆ ರಾಗಿ ಚೆಲ್ಲಿದ ಹಾಗೆ ನಾಯ್ಸ್, ಅಂದರೆ ಕಾಳುಕಾಳು ಕಲೆ.

ಕಾರಣ ಒಂದು ಸಣ್ಣ ಲೆಕ್ಕ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. 14ರದ್ದು 5 ಎಂಎಂ, 20ರದ್ದು 11, 24ರದ್ದು 17. ನಕ್ಷತ್ರ ಬರೀ ಚುಕ್ಕಿ. ಅದರ ಬೆಳಕು ಎಷ್ಟು ಸಿಗುತ್ತದೆ ಅನ್ನೋದು ಕಿಂಡಿಯ ವಿಸ್ತೀರ್ಣಕ್ಕೆ ಬಿಟ್ಟದ್ದು. ಐದರಿಂದ ಹನ್ನೊಂದಕ್ಕೆ ಹೋದರೆ ಹತ್ತಿರ ಹತ್ತಿರ ಐದು ಪಟ್ಟು.

ಹಾಗಾದರೆ 24 ಗೆಲ್ಲಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಎಫ್/1.4ರಲ್ಲಿ ಫ್ರೇಮಿನ ನಡುವೆ ಚೆನ್ನಾಗಿತ್ತು. ಮೂಲೆಗಳಲ್ಲಿ ಮಾತ್ರ ಚುಕ್ಕಿಗಳಿಗೆ ರೆಕ್ಕೆ ಮೂಡಿ ಹಕ್ಕಿಗಳಾಗಿದ್ದವು. ಇದಕ್ಕೆ ಕೋಮಾ ಅನ್ನುತ್ತಾರೆ. ಕಿಂಡಿಯನ್ನು ಎಫ್/2ಕ್ಕೆ ಕಿರಿದು ಮಾಡಿದ ಮೇಲೆ ಸರಿಹೋಯಿತು. ಆದರೆ ಆಗ ಕಿಂಡಿ 12 ಎಂಎಂ, 20ಕ್ಕಿಂತ ಒಂದೇ ಎಂಎಂ ಜಾಸ್ತಿ. ಅಷ್ಟಕ್ಕೆ ಸುಮ್ನೆ ಆ ಭಾರ ಹೊರಬೇಕಾ? ಇನ್ನೊಂದು ತಾಪತ್ರಯ ಇತ್ತು. ಐದು ಗಂಟೆ ಹೊತ್ತಿಗೆ ಕ್ಷೀರಪಥದ ನಡುಭಾಗ 40 ಡಿಗ್ರಿಗಿಂತ ಮೇಲೇರಿತ್ತು. ಅಡ್ಡ ಫ್ರೇಮಿನಲ್ಲಿ 24ರ ನೋಟದ ಎತ್ತರ 53 ಡಿಗ್ರಿ. ಕೆಳಗೆ ಬಂಡೆ ಇಟ್ಟರೆ ಮೇಲೆ ಉಸಿರಾಡಲು ಜಾಗವಿಲ್ಲ. ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿದೆ, ಆಗ ಗುಡ್ಡದ ಸಾಲು ಅರ್ಧಕ್ಕೆ ಕತ್ತರಿಸಿಹೋಯಿತು.

20ರಲ್ಲಿ ಅದೇ ಎತ್ತರ 62 ಡಿಗ್ರಿ. ಎಫ್/1.8, 15 ಸೆಕೆಂಡ್, ಐಎಸ್‌ಒ 3200. ಸ್ವಲ್ಪ ಬಲಕ್ಕೆ ತಿರುಗಿಸಿದೆ, ಕಿತ್ತಳೆ ಬೆಳಕು ಹೆಚ್ಚುಕಡಿಮೆ ಆಚೆ ಹೋಯಿತು. ಕ್ಷೀರಪಥದೊಳಗಿನ ಕಪ್ಪು ಧೂಳಿನ ಪಟ್ಟಿಗಳು ಕ್ಯಾಮೆರಾ ಹಿಂಬದಿಯ ಪರದೆಯಲ್ಲೇ ಕಂಡವು. ತೀರಾ ಮೂಲೆಯ ಚುಕ್ಕಿಗಳು ಒಂಚೂರು ಎಳೆದಿದ್ದವು, ಹುಡುಕಿದರೆ ಮಾತ್ರ ಸಿಗುವಷ್ಟು.

ಫೋಕಸ್ ಮೂರಕ್ಕೂ ಒಂದೇ ಪಾಡು. ಉಂಗುರದ ಮೇಲಿನ ಅನಂತದ ಗುರುತು ನಂಬಬೇಡಿ. ನಾನು ಸ್ವಾತಿ ನಕ್ಷತ್ರವನ್ನು ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ನೋಟ) ಹಿಗ್ಗಿಸಿ, ಚುಕ್ಕಿ ಅತಿ ಸಣ್ಣದಾದ ಕಡೆ ಉಂಗುರಕ್ಕೆ ಟೇಪ್ ಅಂಟಿಸಿದೆ.

24 ಬಾಡಿಗೆ ಅಂಗಡಿಗೆ ವಾಪಸ್ ಹೋಯಿತು. 20 ಅನ್ನು ಆಮೇಲೆ ಕೊಂಡೇಬಿಟ್ಟೆ. 14 ಮಾರಿಲ್ಲ. ಧ್ರುವದ ಕಡೆ ತಿರುಗಿಸಿಟ್ಟು ನಕ್ಷತ್ರಗಳ ಸುತ್ತುಗೆರೆ ತೆಗೆಯೋಕೆ ಅದರ ಅಗಲವೇ ಬೇಕು.